ಜಿ.ಪಿ.ಯು. ಬಾಡಿಗೆ: ದರ ಹೋಲಿಕೆಯ ಸರಿಯಾದ ಕ್ರಮ

ಎರಕದ ಬಿಡಿಭಾಗಗಳಲ್ಲಿನ ಬಿರುಕು, ಬಟ್ಟೆಯ ನೇಯ್ಗೆಯಲ್ಲಿನ ದೋಷ ಮುಂತಾದವುಗಳನ್ನು ಕ್ಯಾಮೆರಾ ಚಿತ್ರಗಳ ಮೂಲಕ ಗುರುತಿಸುವ ತಂತ್ರಾಂಶಗಳು ಇಂದು ಸಣ್ಣ ಕೈಗಾರಿಕೆಗಳಿಗೂ ಎಟುಕುವಂತಾಗಿವೆ. ಸಾವಿರಾರು ಚಿತ್ರಗಳನ್ನು ತೋರಿಸಿ ಇಂತಹ ತಂತ್ರಾಂಶವನ್ನು ಸಿದ್ಧಗೊಳಿಸಲು ಜಿ.ಪಿ.ಯು. ಎಂಬ ವಿಶೇಷ ಸಂಸ್ಕಾರಕ ಬೇಕು. ಅದನ್ನು ಕೊಳ್ಳದೆ, ಇಂಟರ್‌ನೆಟ್ ಮೂಲಕ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದೇ ಕ್ಲೌಡ್ ಜಿ.ಪಿ.ಯು. ಸೇವೆ. ಈ ಸೇವೆಯ ದರಪಟ್ಟಿಗಳನ್ನು ಉದ್ಯಮಿಗಳು ಪರಿಶೀಲಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಘಟಕವನ್ನು ಸಮಗೊಳಿಸಿ

ಕೆಲವರು ಒಂದು ಜಿ.ಪಿ.ಯು.ಗೆ ದರ ಹೇಳಿದರೆ, ಇನ್ನು ಕೆಲವರು ಇಡೀ ಯಂತ್ರಕ್ಕೆ ಹೇಳುತ್ತಾರೆ. ಅಮೆಜಾನ್ ವೆಬ್ ಸರ್ವಿಸಸ್ 2023ರಲ್ಲಿ ಎಂಟು ಎಚ್100 ಜಿ.ಪಿ.ಯು.ಗಳ ಯಂತ್ರಕ್ಕೆ ಅಮೆರಿಕದಲ್ಲಿ ಗಂಟೆಗೆ 98.32 ಡಾಲರ್ ನಿಗದಿಪಡಿಸಿತ್ತು. ಅಂದರೆ ಒಂದಕ್ಕೆ 12.29 ಡಾಲರ್. ಜೂನ್ 2025ರಲ್ಲಿ ಇದೇ ದರವನ್ನು ಶೇ. 44ರಷ್ಟು ಇಳಿಸಲಾಯಿತು. ಆದ್ದರಿಂದ ಹಳೆಯ ದರಪಟ್ಟಿಯನ್ನು ಆಧರಿಸಿ ತೀರ್ಮಾನ ಕೈಗೊಳ್ಳುವುದು ಸೂಕ್ತವಲ್ಲ. ಎಚ್100ರ ಸ್ಮೃತಿ ಸಾಮರ್ಥ್ಯ 80 ಜಿ.ಬಿ.; ಟಿ4ರದ್ದು 16 ಜಿ.ಬಿ. ಚಿತ್ರಪರೀಕ್ಷೆಯ ಅನೇಕ ಕೆಲಸಗಳಿಗೆ ಎರಡನೆಯದೇ ಸಾಕಾಗುತ್ತದೆ.

2. ಬಾಡಿಗೆಯ ವಿಧಗಳು

(ಅ) ಬೇಕಾದಾಗ ಪಡೆಯುವುದು: ದರ ಹೆಚ್ಚು, ಬದ್ಧತೆ ಇಲ್ಲ.
(ಆ) ಒಂದು ಅಥವಾ ಮೂರು ವರ್ಷಗಳ ಕರಾರು: ದರ ಕಡಿಮೆ, ಆದರೆ ಬಳಸದಿದ್ದರೂ ಹಣ ತೆರಬೇಕು.
(ಇ) ಸ್ಪಾಟ್ ದರ: ಅತಿ ಅಗ್ಗ, ಆದರೆ ಯಂತ್ರವನ್ನು ನಡುವೆಯೇ ಹಿಂಪಡೆಯಬಹುದು. ಅಮೆಜಾನ್ ಎರಡು ನಿಮಿಷ, ಗೂಗಲ್ 30 ಸೆಕೆಂಡುಗಳ ಮುನ್ಸೂಚನೆ ನೀಡುತ್ತವೆ. ಕೆಲಸವನ್ನು ಆಗಾಗ ಉಳಿಸಿಕೊಳ್ಳುವ ವ್ಯವಸ್ಥೆ ಇದ್ದವರಿಗೆ ಮಾತ್ರ ಇದು ಲಾಭದಾಯಕ.

3. ಗಂಟೆಯ ದರವಲ್ಲ, ಕೆಲಸದ ವೆಚ್ಚ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. 'ಕ' ಸಂಸ್ಥೆಯ ದರ ಗಂಟೆಗೆ ರೂ. 100, ಹಳೆಯ ಮಾದರಿಯಾದ್ದರಿಂದ ಕೆಲಸಕ್ಕೆ 60 ಗಂಟೆ ಬೇಕು. 'ಖ' ಸಂಸ್ಥೆಯ ದರ ರೂ. 220, ಕೆಲಸ 20 ಗಂಟೆಗಳಲ್ಲಿ ಮುಗಿಯುತ್ತದೆ.

ಬಾಡಿಗೆ: ಕ – ರೂ. 6,000, ಖ – ರೂ. 4,400
ದತ್ತಾಂಶ ಸಂಗ್ರಹ: ಕ – ರೂ. 500, ಖ – ರೂ. 500
ದತ್ತಾಂಶವನ್ನು ಹೊರತರುವ ಶುಲ್ಕ: ಕ – ರೂ. 400, ಖ – ಇಲ್ಲ
ಒಟ್ಟು: ಕ – ರೂ. 6,900, ಖ – ರೂ. 4,900

ದುಬಾರಿಯೆಂದು ಕಂಡದ್ದೇ ರೂ. 2,000 ಅಗ್ಗವಾಯಿತು. ಆದರೆ ಕೆಲಸ ಮುಗಿದ ಮೇಲೆ 'ಖ' ಯಂತ್ರವನ್ನು ನಿಲ್ಲಿಸಲು ಮರೆತು ಒಂದು ರಾತ್ರಿ, ಅಂದರೆ 12 ಗಂಟೆ, ಬಿಟ್ಟರೆ ರೂ. 2,640 ಹೆಚ್ಚುವರಿ ಬಿಲ್ ಬರುತ್ತದೆ, ಉಳಿತಾಯವೆಲ್ಲ ಕರಗಿಹೋಗುತ್ತದೆ. ಯಂತ್ರವನ್ನು ನಿಲ್ಲಿಸಿದರೂ ಸಂಗ್ರಹಿಸಿಟ್ಟ ದತ್ತಾಂಶದ ಶುಲ್ಕ ಸಾಮಾನ್ಯವಾಗಿ ಮುಂದುವರಿಯುತ್ತದೆ ಎಂಬುದನ್ನೂ ನೆನಪಿಡಬೇಕು.

4. ತೆರಿಗೆಯ ಪರಿಣಾಮ

ಭಾರತದ ಸಂಸ್ಥೆಯಿಂದ ಸೇವೆ ಪಡೆದರೆ ಬಿಲ್ಲಿನಲ್ಲಿ ಶೇ. 18ರ ಜಿ.ಎಸ್.ಟಿ. ಸೇರಿರುತ್ತದೆ. ವಿದೇಶಿ ಸಂಸ್ಥೆಯಿಂದ ಪಡೆದರೆ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಸೇವೆ ಪಡೆದವರೇ ತೆರಿಗೆಯನ್ನು ನಗದಾಗಿ ಕಟ್ಟಬೇಕು; ಬಿಲ್ಲಿನಲ್ಲಿ ತೆರಿಗೆ ಕಾಣದಿರುವುದರಿಂದ ಅದು ಅಗ್ಗವೆಂದು ಭಾವಿಸಬಾರದು. ತೆರಿಗೆಗೊಳಪಟ್ಟ ವಹಿವಾಟು ನಡೆಸುವ ಸಾಮಾನ್ಯ ನೋಂದಾಯಿತರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಕಾಂಪೊಸಿಷನ್ ಪದ್ಧತಿಯವರಿಗೆ ದೊರೆಯದು. ಅವರಿಗೆ ಮೇಲಿನ ರೂ. 4,900 ವಾಸ್ತವವಾಗಿ ರೂ. 5,782 ಆಗುತ್ತದೆ. ವಿದೇಶಕ್ಕೆ ಹಣ ಕಳುಹಿಸುವ ಮುನ್ನ ಮೂಲದಲ್ಲಿ ತೆರಿಗೆ ಕಡಿತದ ಬಗ್ಗೆ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಒಳಿತು. ಡಾಲರ್ ವಿನಿಮಯ ದರ ಮತ್ತು ಬ್ಯಾಂಕ್ ಶುಲ್ಕವನ್ನೂ ವೆಚ್ಚಕ್ಕೆ ಸೇರಿಸಬೇಕು.

5. ಸರ್ಕಾರದ ನೆರವು

ಕೇಂದ್ರ ಸಚಿವ ಸಂಪುಟವು ಮಾರ್ಚ್ 2024ರಲ್ಲಿ ರೂ. 10,371.92 ಕೋಟಿ ವೆಚ್ಚದ ಇಂಡಿಯಾ ಎ.ಐ. ಮಿಷನ್‌ಗೆ ಅನುಮೋದನೆ ನೀಡಿತು. ಇದರಡಿ ಅರ್ಹ ಬಳಕೆದಾರರಿಗೆ ಜಿ.ಪಿ.ಯು. ಬಾಡಿಗೆಯಲ್ಲಿ ಶೇ. 40ರವರೆಗೆ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ತಮ್ಮ ಉದ್ದಿಮೆ ಅರ್ಹವೇ ಎಂಬುದನ್ನು ಕರಾರಿಗೆ ಮುನ್ನವೇ ತಿಳಿದುಕೊಳ್ಳಬೇಕು.

ಉದ್ಯಮಿಗಳಿಗೆ ಸಲಹೆ

ಒಟ್ಟು ಚಿತ್ರಗಳಲ್ಲಿ ಹತ್ತನೇ ಒಂದು ಭಾಗವನ್ನು ಎರಡೂ ಸಂಸ್ಥೆಗಳ ಯಂತ್ರಗಳಲ್ಲಿ ಪ್ರಾಯೋಗಿಕವಾಗಿ ನಡೆಸಿ, ತಗಲಿದ ಸಮಯವನ್ನು ಬರೆದಿಟ್ಟುಕೊಂಡು, ಮೇಲಿನಂತೆ ತಃಖ್ತೆ ತಯಾರಿಸಿ. ಖರ್ಚಿನ ಮಿತಿ ಸಮೀಪಿಸಿದಾಗ ಎಚ್ಚರಿಕೆ ಬರುವಂತೆ ಮಾಡಿಕೊಳ್ಳಿ. ಆದರೆ ಎಚ್ಚರಿಕೆಯ ಸಂದೇಶ ಬಂದ ಮಾತ್ರಕ್ಕೆ ಯಂತ್ರ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವ ಹೊಣೆಯನ್ನು ಒಬ್ಬ ನಿರ್ದಿಷ್ಟ ನೌಕರರಿಗೆ ಲಿಖಿತವಾಗಿ ವಹಿಸಿರಿ. ಮೊದಲ ಮೂರು ತಿಂಗಳ ಬಳಕೆ ತಿಳಿದ ನಂತರವಷ್ಟೇ ದೀರ್ಘಾವಧಿ ಕರಾರಿನ ವಿಚಾರ ಮಾಡುವುದು ಕ್ಷೇಮ.