ಹಾಳೆ ತಟ್ಟೆಗೊಂದು ಕಂಪನಿ

ನೋಂದಣಿಗೆ ಹಾಕಿದ್ದ ಅರ್ಜಿ ಮೊದಲ ಸಲ ವಾಪಸು ಬಂದದ್ದು ಒಂದು ಕರೆಂಟ್ ಬಿಲ್ಲಿನಿಂದ. ಮನೆ ಮಾವನವರ ಹೆಸರಿನಲ್ಲಿತ್ತು, ಇ-ಸ್ವತ್ತು ಖಾತೆಯೂ ಆಗಿತ್ತು. ಬಿಲ್ ಮಾತ್ರ ಅವರ ತಂದೆಯ ಹೆಸರಿನಲ್ಲೇ ಬರುತ್ತಿತ್ತು. ಅಜ್ಜ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿದ್ದರೂ ಹೆಸರು ಬದಲಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಂಪನಿಯ ನೋಂದಾಯಿತ ಕಚೇರಿ ಇದೇ ಮನೆ ಎಂದು ತೋರಿಸಬೇಕಾದರೆ ಎರಡು ತಿಂಗಳೊಳಗಿನ ಒಂದು ಬಿಲ್ ಬೇಕು, ಜಾಗದ ಮಾಲೀಕರ ಒಪ್ಪಿಗೆ ಪತ್ರವೂ ಬೇಕು. ಬಿಲ್ಲಿನ ಹೆಸರಿಗೂ ಒಪ್ಪಿಗೆ ಕೊಟ್ಟವರ ಹೆಸರಿಗೂ ತಾಳೆಯಾಗಲಿಲ್ಲ. ಮಾವ ಜಗಲಿಯ ಮೇಲೆ ಕೂತು ಆ ಪತ್ರಕ್ಕೆ ಎರಡನೇ ಸಲ ಸಹಿ ಹಾಕಿದರು. ಈ ಸಲ ಅಜ್ಜನ ಮರಣ ಪ್ರಮಾಣಪತ್ರವನ್ನೂ ಜೊತೆಗೆ ಲಗತ್ತಿಸಿದೆವು.

ಇದು 2021ರ ಮಾತು. ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ನಾನೂ ನನ್ನ ಓರಗಿತ್ತಿಯೂ ಕೊಟ್ಟಿಗೆಯ ಒಂದು ಭಾಗದಲ್ಲಿ ಪ್ರೆಸ್ ಮಷೀನ್ ಇಟ್ಟುಕೊಂಡು ಅಡಿಕೆ ಹಾಳೆಯ ತಟ್ಟೆ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ತೋಟದಲ್ಲಿ ಬಿದ್ದ ಹಾಳೆ ಹೆಕ್ಕಿ ಒಣಗಿಸಿಡುವುದು, ಬೇಕಾದಾಗ ನೆನೆಹಾಕಿ ತೊಳೆದು ಬಿಸಿ ಅಚ್ಚಿಗೆ ಕೊಡುವುದು. ಬೆಂಗಳೂರಿನ ವ್ಯಾಪಾರಿಯೊಬ್ಬರು ದೊಡ್ಡ ಆರ್ಡರ್ ಕೊಡಲು ಒಪ್ಪಿದರು. ಬಿಲ್ಲಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದರೆ ಅವರಿಗೆ ಅನುಕೂಲವಂತೆ. ನಮ್ಮನ್ನು ಸೆಳೆದದ್ದು ಅದಲ್ಲ, ಆಡಿಟರ್ ಹೇಳಿದ ಇನ್ನೊಂದು ಮಾತು: “ಪಾಲುದಾರಿಕೆಯಲ್ಲಿ ನಷ್ಟವಾದರೆ ಸಾಲ ಕೊಟ್ಟವರು ನಿಮ್ಮ ತೋಟದವರೆಗೂ ಬರಬಹುದು. ಕಂಪನಿಯಲ್ಲಿ ಶೇರಿಗೆ ಹಾಕಿದ ದುಡ್ಡಷ್ಟೇ ಹೋಗುತ್ತದೆ.” ಮನೆಯ ಐದು ಜನರ ಊಟ ಒಂದೂವರೆ ಎಕರೆ ತೋಟದ ಮೇಲೆ ನಿಂತಿದೆ. ತೋಟ ಉಳಿಯುತ್ತದೆ ಎಂಬ ಮಾತೇ ನಮಗೆ ಸಾಕಾಯಿತು.

ಶುರು ಮಾಡುವ ಖರ್ಚು ನಾವು ಹೆದರಿದಷ್ಟು ಇರಲಿಲ್ಲ. ಖಾಸಗಿ ಕಂಪನಿಗೆ ಇಬ್ಬರು ಶೇರುದಾರರು, ಇಬ್ಬರು ನಿರ್ದೇಶಕರು ಸಾಕು, ಆ ಇಬ್ಬರೇ ಈ ಇಬ್ಬರೂ ಆಗಬಹುದು. ಹಿಂದೆ ಕನಿಷ್ಠ ಒಂದು ಲಕ್ಷ ಬಂಡವಾಳ ತೋರಿಸಬೇಕಿತ್ತು, 2015ರ ತಿದ್ದುಪಡಿಯಲ್ಲಿ ಆ ನಿಯಮ ಹೋಯಿತು. ಅಧಿಕೃತ ಬಂಡವಾಳ 15 ಲಕ್ಷದೊಳಗಿದ್ದರೆ ಕೇಂದ್ರ ಸರ್ಕಾರದ ನೋಂದಣಿ ಶುಲ್ಕವೂ ಇಲ್ಲ. ರಾಜ್ಯದ ಸ್ಟಾಂಪ್ ಡ್ಯೂಟಿ ಮಾತ್ರ ಕಟ್ಟಬೇಕು. ಹೆಸರು ಕಾಯ್ದಿರಿಸಲು 1,000 ರೂಪಾಯಿ, ಅದು ತಿರಸ್ಕಾರವಾದರೂ ವಾಪಸು ಬರುವುದಿಲ್ಲ. ನಾವು ಕೊಟ್ಟ ಎರಡು ಹೆಸರುಗಳೂ ಆಗಲೇ ಇದ್ದ ಕಂಪನಿಗಳ ಹೆಸರಿಗೆ ಹತ್ತಿರವಿದ್ದವು. ಕಾಗುಣಿತ ಬದಲಿಸಿದರೆ, ಒಂದು ಪದವನ್ನು ಎರಡಾಗಿ ಒಡೆದರೆ ಬೇರೆ ಹೆಸರಾಗುತ್ತದೆ ಎಂದುಕೊಂಡಿದ್ದೆವು. ನಿಯಮ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಸಾವಿರ ಕಟ್ಟಿದೆವು. ಹೆಸರು ಸಿಕ್ಕ ಮೇಲೆ ಉಳಿದ ಕಾಗದಕ್ಕೆ ಇಪ್ಪತ್ತೇ ದಿನ ಕಾಲ.

ಡಿಜಿಟಲ್ ಸಹಿಗೆ ತಲಾ 1,500 ಆಯಿತು. ಪೆನ್ ಡ್ರೈವಿನಂಥ ಟೋಕನ್ ಅದು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಮೊಬೈಲಿನ ಎದುರು ನಿಂತು ಹೆಸರು ಹೇಳಿ, ಪ್ಯಾನ್ ಕಾರ್ಡ್ ತೋರಿಸಿ, ಅರ್ಜಿ ಹಾಕಿದ್ದು ತಾನೇ ಎಂದು ಒಪ್ಪಿಕೊಳ್ಳುವ ವಿಡಿಯೊ ಕಳಿಸಬೇಕು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಓರಗಿತ್ತಿ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ, ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕಾರ್ಡು ಹಿಡಿದು ಮಾತಾಡಿದಳು. ಮೂರನೇ ಸಲಕ್ಕೆ ವಿಡಿಯೊ ಹೋಯಿತು. ನನ್ನದು ಇನ್ನೊಂದು ತೊಡಕು. ಆಧಾರ್‌ನಲ್ಲಿ ಗಂಡನ ಮನೆಯ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡನ್ನೂ ಒಂದು ಮಾಡಿಸಲು ಹದಿನೇಳು ದಿನ ಹಿಡಿಯಿತು. ಮದುವೆಯಾಗಿ ಬೇರೆ ಊರಿಗೆ ಬಂದ ಎಲ್ಲ ಹೆಂಗಸರೂ ಕಂಪನಿಯ ಯೋಚನೆ ಬರುವ ಮೊದಲೇ ಈ ಎರಡು ಕಾರ್ಡನ್ನು ಪಕ್ಕಪಕ್ಕ ಇಟ್ಟು ಓದಿಕೊಳ್ಳಬೇಕು.

ಆಗಸ್ಟಿನಲ್ಲಿ ಪ್ರಮಾಣಪತ್ರ ಬಂತು. ಅದು ತಯಾರಾಗುವುದು ಹರಿಯಾಣದ ಮಾನೇಸರಿನ ಕೇಂದ್ರದಲ್ಲಿ. ಆಮೇಲಿನ ಲೆಕ್ಕವೆಲ್ಲ ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ರಿಜಿಸ್ಟ್ರಾರ್ ವ್ಯಾಪ್ತಿಗೆ. ಕಂಪನಿಯ ಪ್ಯಾನ್, ಟ್ಯಾನ್ ಜೊತೆಯಲ್ಲೇ ಬಂದವು. ಆಡಿಟರ್ ಫೀಸೂ ಸೇರಿ ಅಲ್ಲಿವರೆಗೆ ಖರ್ಚಾದದ್ದು 14,600 ರೂಪಾಯಿ. ಮನೆಯ ಎದುರು ಬೋರ್ಡು ಹಾಕಬೇಕು ಎಂದೂ ಕಾಯ್ದೆ ಹೇಳುತ್ತದೆ. ಕಂಪನಿಯ ಹೆಸರು, ವಿಳಾಸ ಅಲ್ಲಿನ ಜನರ ಲಿಪಿಯಲ್ಲಿ ಇರಲೇಬೇಕು. ಪೇಂಟರ್ ಕನ್ನಡದಲ್ಲಿ ದೊಡ್ಡದಾಗಿ ಬರೆದ. ಆ ಬೋರ್ಡು ನೋಡಲು ಮಾವ ಎರಡು ದಿನ ಅಂಗಳಕ್ಕೆ ಹೋಗಿ ಬಂದು ಮಾಡಿದರು.

ನಿಜವಾದ ಬೆಲೆ ಗೊತ್ತಾದದ್ದು ಆಮೇಲೆ.

ಹೊಸ ಮಷೀನಿಗೆಂದು ಎಂಟು ಲಕ್ಷ ಸಾಲ ಕೇಳಿದೆವು. ಬ್ಯಾಂಕಿನಲ್ಲಿ ಸಹಿಗಿಟ್ಟ ಕಾಗದಗಳ ಕಟ್ಟು ಎರಡು ಬೆರಳು ದಪ್ಪವಿತ್ತು. ಮೊದಲ ಹಾಳೆಗಳಲ್ಲೆಲ್ಲ ಕಂಪನಿಯ ಸೀಲು, ಅದರ ಕೆಳಗೆ ನಮ್ಮ ಸಹಿ. ನಡುವೆ ಒಂದು ಕಡೆ ಓರಗಿತ್ತಿ ಪೆನ್ನು ಎತ್ತಿ ನಿಂತಳು. “ಅಕ್ಕಾ, ಇದರಲ್ಲಿ ಸೀಲು ಹಾಕೋ ಜಾಗವೇ ಇಲ್ಲ. ನಮ್ಮ ಹೆಸರು ಮಾತ್ರ ಇದೆ.” ಅದು ವೈಯಕ್ತಿಕ ಜಾಮೀನು ಪತ್ರ. ಕಂಪನಿ ಕಟ್ಟದಿದ್ದರೆ ನಾವು ಕಟ್ಟುತ್ತೇವೆ ಎಂಬ ಬರಹ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ತೋಟಕ್ಕೆ ಬೇಲಿ ಹಾಕಿಕೊಂಡೆವು ಎಂದು ನಂಬಿದ್ದವರಿಗೆ ಆ ಬೇಲಿಗೊಂದು ತಡಮೆ ಇದೆ, ಅದನ್ನು ತೆರೆಯುವವರೂ ನಾವೇ ಎಂದು ಅವತ್ತು ತಿಳಿಯಿತು. ಸಹಿ ಹಾಕದೆ ಮನೆಗೆ ಬಂದೆವು. ಮೂರು ರಾತ್ರಿ ಮಾತಾಡಿ, ಸಾಲವನ್ನು ಮೂರು ಲಕ್ಷಕ್ಕೆ ಇಳಿಸಿ ಆಮೇಲೆ ಸಹಿ ಹಾಕಿದೆವು. ಕಂಪನಿ ಮುಳುಗಿದರೂ ಅಡಿಕೆ ಮಾರಿ ತೀರಿಸಬಲ್ಲಷ್ಟೇ ಸಾಲಕ್ಕೆ ಜಾಮೀನು ನಿಲ್ಲಬೇಕು ಎಂಬುದು ಆಗ ಮಾಡಿಕೊಂಡ ತೀರ್ಮಾನ. ಇವತ್ತಿಗೂ ಅದನ್ನು ಮೀರಿಲ್ಲ.

ಹಾಗೆಂದು ಆ ಬೇಲಿ ಸುಳ್ಳಲ್ಲ. 2022ರ ಮಳೆಗಾಲದಲ್ಲಿ ಕಳಿಸಿದ ಒಂದು ಲೋಡ್ ಪೂರ್ತಿ ಬೂಷ್ಟು ಬಂತು. ಒಂದು ಲಕ್ಷ ಎಂಬತ್ತು ಸಾವಿರ ನಷ್ಟ ಕೊಡಿ ಎಂದು ವ್ಯಾಪಾರಿ ನೋಟಿಸ್ ಕಳಿಸಿದರು. ನೋಟಿಸ್ ಬಂದದ್ದು ಕಂಪನಿಗೆ, ನಮ್ಮಿಬ್ಬರಿಗಲ್ಲ. ಕಂಪನಿಯಲ್ಲಿದ್ದ ದಾಸ್ತಾನು ಕೊಟ್ಟು, ಉಳಿದದ್ದಕ್ಕೆ ಕಂತು ಮಾಡಿಕೊಂಡು ಮುಗಿಸಿದೆವು. ತೋಟದ ಮಾತು ಆ ವ್ಯವಹಾರದಲ್ಲಿ ಒಮ್ಮೆಯೂ ಬರಲಿಲ್ಲ. ಅವತ್ತು ಪಾಲುದಾರಿಕೆಯಾಗಿದ್ದರೆ ಮಾವನ ಮುಖ ನೋಡುವ ಧೈರ್ಯ ನನಗಿರುತ್ತಿರಲಿಲ್ಲ.

ಬೇಲಿ ಎರಡೂ ಕಡೆಯಿಂದ ಬೇಲಿಯೇ. ಮಗಳ ಕಾಲೇಜು ಫೀಸಿಗೆ ತುರ್ತಾಗಿ ಕಂಪನಿ ಖಾತೆಯಿಂದ 12,000 ತೆಗೆದಿದ್ದೆ. ವರ್ಷದ ಕೊನೆಗೆ ಆಡಿಟರ್ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, “ಮೇಡಂ, ಇದು ನಿಮ್ಮ ದುಡ್ಡಲ್ಲ, ಕಂಪನಿಯದು” ಎಂದರು. ನಿರ್ದೇಶಕರಿಗೆ ಕಂಪನಿ ಸಾಲ ಕೊಡುವುದನ್ನು ಕಂಪನಿ ಕಾಯ್ದೆಯ 185ನೇ ಕಲಂ ಬಿಗಿಯಾಗಿ ಕಟ್ಟಿಹಾಕಿದೆ. ಸಂಬಳ, ಕೊಟ್ಟಿಗೆಗೆ ಬಾಡಿಗೆ, ಲಾಭಾಂಶ, ಹೀಗೆ ಹೆಸರಿರುವ ದಾರಿಯಲ್ಲೇ ದುಡ್ಡು ಮನೆಗೆ ಬರಬೇಕು. ಅದೇ ವಾರ ವಾಪಸು ಕಟ್ಟಿದೆ. ಸಾಸಿವೆ ಡಬ್ಬಿಯಲ್ಲಿ ದುಡ್ಡಿಟ್ಟು ಸಂಸಾರ ಮಾಡಿದವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು.

ದೊಡ್ಡ ತಪ್ಪು ನಡೆದದ್ದು ವ್ಯಾಪಾರ ಇಲ್ಲದ ಕಾಲದಲ್ಲಿ. ಬೂಷ್ಟಿನ ಪ್ರಕರಣದ ನಂತರ ಪ್ರೆಸ್ ತಿಂಗಳುಗಟ್ಟಲೆ ನಿಂತಿತ್ತು. ವ್ಯಾಪಾರವೇ ಇಲ್ಲದಿದ್ದರೆ ಸರ್ಕಾರಕ್ಕೆ ಹೇಳುವುದೇನು ಎಂದು ನಾನು ಸುಮ್ಮನಿದ್ದೆ, ಆಡಿಟರಿಗೂ ಫೋನ್ ಮಾಡಲಿಲ್ಲ. ಒಂದು ರೂಪಾಯಿ ವ್ಯವಹಾರವಿಲ್ಲದ ಕಂಪನಿಯೂ ಲೆಕ್ಕಪತ್ರವನ್ನು ಎಒಸಿ-4ರಲ್ಲಿ, ವಾರ್ಷಿಕ ವರದಿಯನ್ನು ಎಂಜಿಟಿ-7ಎಯಲ್ಲಿ ಕೊಡಲೇಬೇಕು. ವಾರ್ಷಿಕ ಸಭೆಯಾದ 30 ದಿನಕ್ಕೆ ಮೊದಲನೆಯದು, 60 ದಿನಕ್ಕೆ ಎರಡನೆಯದು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. 2023ರ ಸೆಪ್ಟೆಂಬರ್ 30ಕ್ಕೆ ಸಭೆ ನಡೆದಿತ್ತು. ನಾವು ಎರಡನ್ನೂ ಸಲ್ಲಿಸಿದ್ದು 2024ರ ಮೇ 20ಕ್ಕೆ. ಒಂದು 203 ದಿನ ತಡ, ಇನ್ನೊಂದು 173 ದಿನ. 37,600 ರೂಪಾಯಿ. ಕಂಪನಿ ಕಟ್ಟಲು ಖರ್ಚಾದ ಎರಡೂವರೆ ಪಟ್ಟು ದುಡ್ಡು ನನ್ನ ಮೌನಕ್ಕೆ ಹೋಯಿತು. ಓರಗಿತ್ತಿ ಒಂದು ಮಾತೂ ಆಡದೆ ತನ್ನ ಕಾಳುಮೆಣಸಿನ ದುಡ್ಡಿನಿಂದ ಅರ್ಧ ತಂದಿಟ್ಟಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ವರ್ಷಕ್ಕೆ ಆಡಿಟ್, ಈ ಎರಡು ಫಾರಂ, ಆದಾಯ ತೆರಿಗೆ ರಿಟರ್ನ್ ಎಲ್ಲ ಸೇರಿ ನಮಗೆ 22,000 ಬೀಳುತ್ತದೆ. ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಕಂಪನಿಗೆ ಆಡಿಟ್ ತಪ್ಪುವುದಿಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಂಡಿದ್ದರೆ ಹೊಣೆಯ ಮಿತಿ ಅದರಲ್ಲೂ ಸಿಗುತ್ತಿತ್ತು. ವಹಿವಾಟು 40 ಲಕ್ಷ, ಪಾಲುದಾರರ ಬಂಡವಾಳ 25 ಲಕ್ಷ ದಾಟುವವರೆಗೆ ಅದಕ್ಕೆ ಕಡ್ಡಾಯ ಆಡಿಟ್ ಇಲ್ಲ. ಮೇ 30ಕ್ಕೊಂದು, ಅಕ್ಟೋಬರ್ 30ಕ್ಕೊಂದು ಫಾರಂ. ಹೊರಗಿನವರಿಗೆ ಶೇರು ಕೊಟ್ಟು ಬಂಡವಾಳ ತರುವವರಿಗೆ ಕಂಪನಿಯೇ ಬೇಕು. ನಮಗೆ ಅಂಥ ಯೋಚನೆ ಯಾವತ್ತೂ ಇರಲಿಲ್ಲ. 2021ರಲ್ಲಿ ಇದನ್ನು ಕೇಳುವಷ್ಟು ತಿಳಿವಳಿಕೆ ನಮಗಿದ್ದಿದ್ದರೆ ಎಲ್‌ಎಲ್‌ಪಿಯನ್ನೇ ಆರಿಸುತ್ತಿದ್ದೆವು.

ಹೋದ ತಿಂಗಳು ಪಕ್ಕದ ಊರಿನ ಹುಡುಗಿಯೊಬ್ಬಳು ಹಲಸಿನ ಹಪ್ಪಳಕ್ಕೆ ಕಂಪನಿ ಮಾಡಬೇಕೆಂದು ಫೈಲು ಹಿಡಿದು ಬಂದಿದ್ದಳು. ವಹಿವಾಟು ಎಷ್ಟು, ಸಾಲ ಎಷ್ಟು, ಕೊಳ್ಳುವವರು ಯಾರಾದರೂ ಕಂಪನಿಯೇ ಬೇಕು ಎಂದಿದ್ದಾರಾ ಎಂದು ಕೇಳಿದೆ. ಯಾರೂ ಕೇಳಿರಲಿಲ್ಲ, ಸಾಲವೂ ಇರಲಿಲ್ಲ. ಸದ್ಯಕ್ಕೆ ಉದ್ಯಮ್ ನೋಂದಣಿ ಮಾಡಿಸು, ಅದಕ್ಕೆ ಒಂದು ಪೈಸೆಯೂ ಇಲ್ಲ, ಎರಡು ಹಂಗಾಮು ನೋಡು ಎಂದೆ. ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಓರಗಿತ್ತಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟ ತಾರೀಖುಗಳನ್ನು ಅವಳು ಒಂದೊಂದಾಗಿ ಬರೆದುಕೊಂಡಳು. ಹೊರಡುವಾಗ ಅಂಗಳದವರೆಗೂ ಹೋಗಿ ಕೇಳಿದೆ: “ನಿಮ್ಮ ಮನೆಯ ಕರೆಂಟ್ ಬಿಲ್ ಯಾರ ಹೆಸರಲ್ಲಿದೆ, ನೋಡಿದ್ದೀಯಾ?”