ಚಕ್ರವ್ಯೂಹದ ಸೆಳೆತ

ದಾರಿ ತಪ್ಪುವುದೆಂದರೆ ಯಾರಿಗಾದರೂ ಅಂಜಿಕೆಯ ಸಂಗತಿ. ಹೊತ್ತು ಮುಳುಗುವ ವೇಳೆಯಲ್ಲಿ ಕಾಡಿನ ಕಾಲುದಾರಿ ಎರಡಾಗಿ ಕವಲೊಡೆದರೆ ಧೈರ್ಯವಂತನ ಎದೆಯೂ ಒಮ್ಮೆ ಝಲ್ಲೆನ್ನುತ್ತದೆ. ಆದರೆ ಅದೇ ಮನುಷ್ಯನು ಆಟಕ್ಕೆ ಕುಳಿತಾಗ ದಾರಿ ತಪ್ಪಿಸುವ ಆಟವನ್ನೇ ಅರಸಿ ಆಡುತ್ತಾನೆ. ಇಲಿಯನ್ನು ಅದರ ಬಿಲಕ್ಕೆ ಮುಟ್ಟಿಸಿರೆಂದು ಮಕ್ಕಳ ಪತ್ರಿಕೆಗಳು ಕೊಡುವ ಗೆರೆಗಳ ಒಗಟಿನಿಂದ ಮೊದಲ್ಗೊಂಡು, ಪಾಳುಕೋಟೆ, ಗುಹೆ, ನೆಲಮಾಳಿಗೆಗಳಲ್ಲಿ ನಿಧಿಯನ್ನು ಹುಡುಕಿಸುವ ವಿಡಿಯೋ ಆಟಗಳವರೆಗೆ ಈ ಸೆಳೆತ ಒಂದೇ ಬಗೆಯದು. ಮಕ್ಕಳು ಇಂಥ ಆಟಗಳಲ್ಲಿ ಮೈಮರೆಯುವುದನ್ನು ಕಂಡು ಹಿರಿಯರು ಕಳವಳಪಡುವುದೂ ಸಹಜವೇ. ಕಳವಳಕ್ಕೆ ಕಾರಣವುಂಟೆ ಇಲ್ಲವೆ ಎಂಬುದನ್ನು ಹೇಳುವ ಮೊದಲು ಸೆಳೆತದ ಮೂಲವನ್ನು ಅರಿಯಬೇಕಾಗುತ್ತದೆ.

ಕನ್ನಡಿಗರಿಗೆ ಸುತ್ತುದಾರಿಯೆಂದೊಡನೆ ನೆನಪಾಗುವವನು ಅಭಿಮನ್ಯು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಶಿಲ್ಪಿಗಳು ಚಕ್ರವ್ಯೂಹವನ್ನು ಸುತ್ತುಸುತ್ತಾದ ಗೆರೆಗಳಾಗಿ ಕಡೆದು ತೋರಿಸಿದ್ದಾರೆ. ಅದರ ಮುಂದೆ ನಿಂತವರ ಕಣ್ಣು ತಾನಾಗಿಯೇ ಒಳದಾರಿಯನ್ನು ಹಿಡಿದು ಹೊರಡುತ್ತದೆ. ಅಭಿಮನ್ಯು ಒಳಹೊಗುವುದನ್ನು ಬಲ್ಲವನು, ಹೊರಬರುವುದನ್ನು ಅರಿಯದವನು. ಅವನಿಗೆ ದೊರೆತದ್ದು ಒಂದೇ ಅವಕಾಶ. ಆಟವಾದರೋ ಸೋತವನನ್ನು ಮತ್ತೆ ಬಾಗಿಲಲ್ಲಿ ತಂದು ನಿಲ್ಲಿಸುತ್ತದೆ. ಅವನು ಪ್ರಾಣವನ್ನು ಕಳೆದುಕೊಂಡಿಲ್ಲ; ಯಾವ ತಿರುವು ಮೋಸದ್ದೆಂಬುದನ್ನು ಮಾತ್ರ ತಿಳಿದುಕೊಂಡಿದ್ದಾನೆ. ಸೆಳೆತದ ಅರ್ಧ ಗುಟ್ಟು ಇಲ್ಲಿಯೇ ಇದೆ.

ಉಳಿದರ್ಧವನ್ನು ಈ ಆಟಗಳ ಚರಿತ್ರೆ ತಿಳಿಸುತ್ತದೆ. ಅಮೆರಿಕದ ವಿಲಿಯಂ ಕ್ರೌಥರ್ ಕಂಪ್ಯೂಟರ್ ಕೆಲಸದವನಾಗಿದ್ದಂತೆಯೇ ಗುಹೆಗಳನ್ನು ಹೊಕ್ಕು ಅಳೆಯುವ ಹವ್ಯಾಸಿಯೂ ಆಗಿದ್ದನು. ಕೆಂಟಕಿ ಸಂಸ್ಥಾನದ ಮ್ಯಾಮತ್ ಗುಹೆಯ ತನ್ನ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಅವನು 1970ರ ದಶಕದ ನಡುವಿನಲ್ಲಿ ತನ್ನ ಹೆಣ್ಣುಮಕ್ಕಳಿಗಾಗಿ ಒಂದು ಆಟವನ್ನು ರಚಿಸಿದನು. 1977ರಲ್ಲಿ ಡಾನ್ ವುಡ್ಸ್ ಎಂಬಾತನು ಅದನ್ನು ಬೆಳೆಸಿದನು. ಆ ಆಟದಲ್ಲಿ ಚಿತ್ರವೇ ಇರಲಿಲ್ಲ, ಇದ್ದುದೆಲ್ಲ ಬರಹ. ಅದರ ಒಂದು ಭಾಗದಲ್ಲಿ ಪ್ರತಿಯೊಂದು ಕೋಣೆಯ ವರ್ಣನೆಯೂ ಒಂದೇ ಆಗಿರುವುದರಿಂದ ಆಟಗಾರನಿಗೆ ತಾನು ಎಲ್ಲಿರುವೆನೆಂಬುದೇ ತಿಳಿಯುತ್ತಿರಲಿಲ್ಲ. ಜಾಣರು ಕೈಯಲ್ಲಿದ್ದ ಒಂದೊಂದು ಸಾಮಾನನ್ನು ಒಂದೊಂದು ಕೋಣೆಯಲ್ಲಿ ಇಟ್ಟು, ಅದನ್ನೇ ಗುರುತಾಗಿ ಹಿಡಿದು, ಕಾಗದದ ಮೇಲೆ ನಕ್ಷೆಯನ್ನು ಬರೆಯುತ್ತ ಹೋದರು. ಕ್ರೌಥರನು ನೆಲದಡಿಯಲ್ಲಿ ಮಾಡಿದ್ದ ಕೆಲಸವನ್ನೇ ಅವರು ಮೇಜಿನ ಮುಂದೆ ಕುಳಿತು ಮಾಡಿದರೆನ್ನಬಹುದು. ಅರಿಯದ ನೆಲವು ಗೆರೆಗೆರೆಯಾಗಿ ಅರಿತ ನೆಲವಾಗುವ ಸುಖವು ನಿಧಿ ದೊರೆತ ಸುಖಕ್ಕಿಂತ ಕಡಿಮೆಯದಲ್ಲ.

ಮುಂದೆ 1980ರಲ್ಲಿ ಅಟಾರಿ ಸಂಸ್ಥೆಯ 'ಅಡ್ವೆಂಚರ್' ಬಂದಿತು. ಅದರಲ್ಲಿ ನಾಯಕನು ಕೇವಲ ಒಂದು ಚೌಕ. ಆದರೂ ಬೀಗದ ಕೈ, ಕೋಟೆ, ನುಂಗಬರುವ ಘಟಸರ್ಪಗಳ ನಡುವೆ ಅವನಿಗೆ ಒದಗುವ ಪಾಡು ಆಡುವವರ ಉಸಿರನ್ನು ಬಿಗಿಹಿಡಿಸುತ್ತಿತ್ತು. ರಚನಕಾರರ ಹೆಸರನ್ನು ಪ್ರಕಟಿಸುವ ಪದ್ಧತಿ ಆ ಸಂಸ್ಥೆಯಲ್ಲಿ ಇರಲಿಲ್ಲವಾದ್ದರಿಂದ ವಾರೆನ್ ರಾಬಿನೆಟ್ ತನ್ನ ಹೆಸರನ್ನು ಒಂದು ಗುಪ್ತ ಕೋಣೆಯಲ್ಲಿ ಅಡಗಿಸಿಟ್ಟನು. ಜಾರ್ಡನ್ ಮೆಕ್ನರ್ 1989ರಲ್ಲಿ ಹೊರತಂದ 'ಪ್ರಿನ್ಸ್ ಆಫ್ ಪರ್ಷಿಯಾ' ಆಟದಲ್ಲಿ ಸೆರೆಮನೆಯಿಂದ ಹೊರಟು ರಾಜಕುಮಾರಿಯನ್ನು ಬಿಡಿಸಲು ಇರುವ ಕಾಲ 60 ನಿಮಿಷ. ಒಂದೆಡೆ ನೆಲದ ಚಪ್ಪಡಿಯನ್ನು ತುಳಿದರೆ ಇನ್ನೊಂದೆಡೆ ಬಾಗಿಲು ಮೇಲೇಳುತ್ತದೆ. ತಡಮಾಡಿದರೆ ಅದು ಮತ್ತೆ ಇಳಿಯುತ್ತದೆ. ಇಲ್ಲಿ ದಾರಿಯೊಡನೆ ಕಾರ್ಯಕಾರಣ ಸಂಬಂಧವನ್ನೂ ಹುಡುಕಬೇಕು.

ಇಂಥ ಹುಡುಕಾಟಕ್ಕೆ ಪರದೆಯೇ ಬೇಕೆಂದಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯವಿದೆ. ತಾನಾಗಿಯೇ ಕೆಲಸ ಮಾಡುವ ಸೈಫನ್ ವ್ಯವಸ್ಥೆ ಅದರ ವೈಶಿಷ್ಟ್ಯ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಬಾಗಿದ ಕೊಳವೆಯ ನೆತ್ತಿಯನ್ನು ದಾಟಿ ಒಳಗಿನ ಗಾಳಿಯನ್ನು ಹೊರದೂಡುತ್ತದೆ. ಆಮೇಲೆ ಕೊಳವೆ ತುಂಬಿ ಭರದಿಂದ ಹರಿಯುತ್ತದೆ. ಮಟ್ಟವಿಳಿದು ಗಾಳಿ ಒಳಹೊಕ್ಕೊಡನೆ ಹರಿವು ನಿಲ್ಲುತ್ತದೆ. ಬಾಗಿಲೆತ್ತುವವರಾರೂ ಇಲ್ಲದೆ ನೀರು ಧುಮುಕುವುದನ್ನು ಕಂಡ ಬಾಲಕನು ಮೊದಲು ಆಳನ್ನು ಹುಡುಕುತ್ತಾನೆ. ಆಮೇಲೆ ನೀರಿನ ಮಟ್ಟವನ್ನು ನೋಡುತ್ತಾನೆ. ಜಪಾನಿನ ನಿಂಟೆಂಡೊ ಸಂಸ್ಥೆ 1998ರಲ್ಲಿ ಹೊರತಂದ 'ಜೆಲ್ಡಾ' ಮಾಲೆಯ ಆಟವೊಂದರಲ್ಲಿ ಜಲದೇಗುಲವೆಂಬ ಘಟ್ಟವಿದೆ. ಅಲ್ಲಿ ನೀರನ್ನು ಮೂರು ಮಟ್ಟಗಳಿಗೆ ಏರಿಸಿ ಇಳಿಸಿದಂತೆಲ್ಲ ಒಂದು ದಾರಿ ತೆರೆದು ಇನ್ನೊಂದು ಮುಚ್ಚುತ್ತದೆ. ಬಹಳ ಕಠಿಣವೆಂದು ಆಟಗಾರರು ಗೊಣಗಿದ ಘಟ್ಟವದು. ಅವರು ಮರೆಯದೆ ನೆನೆಯುವ ಘಟ್ಟವೂ ಅದೇ. ಜಲಾಶಯದ ಮುಂದೆ ನಿಂತ ಬಾಲಕನ ಕುತೂಹಲವೂ ಇವರದೂ ಒಂದೇ ಜಾತಿಯದು.

ಆದರೆ ಸಾಹಸದ ವೇಷ ತೊಟ್ಟುದೆಲ್ಲ ಒಗಟಲ್ಲ. 2011ರಲ್ಲಿ ಬಂದು ಮೊಬೈಲುಗಳಲ್ಲಿ ಮನೆಮಾತಾದ 'ಟೆಂಪಲ್ ರನ್' ಆಟದಲ್ಲಿಯೂ ಪಾಳು ದೇಗುಲವುಂಟು, ಕದ್ದ ವಿಗ್ರಹವುಂಟು, ಅಟ್ಟಿಬರುವ ಕಪಿಗಳುಂಟು, ಎಡಬಲದ ತಿರುವುಗಳೂ ಉಂಟು. ಇಲ್ಲದಿರುವುದು ಹೊರಬಾಗಿಲು ಮಾತ್ರ. ಓಡಿದಂತೆಲ್ಲ ದಾರಿಯು ಹೊಸದಾಗಿ ಹುಟ್ಟುತ್ತದೆ. ಎಡವುವವರೆಗೆ ಓಟ, ಎಡವಿದ ಮೇಲೆ ಮತ್ತೆ ಮೊದಲಿನಿಂದ ಓಟ. ನೆನಪಿಟ್ಟುಕೊಳ್ಳಲು ಅಲ್ಲಿ ನಕ್ಷೆಯಿಲ್ಲ. ಕೈಬೆರಳು ಚುರುಕಾದೀತು, ನಿಜ. ಹಿರಿಯರ ಕಳವಳವು ಸಲ್ಲಬೇಕಾದದ್ದು ಇಂಥ ಕೊನೆಯಿಲ್ಲದ ಓಟಕ್ಕೆ. ಎಲ್ಲ ಆಟಗಳನ್ನೂ ಒಂದೇ ಕಟ್ಟಿಗೆ ಕಟ್ಟುವುದು ನ್ಯಾಯವಲ್ಲ. ಹೆಜ್ಜೆಹೆಜ್ಜೆಗೂ ಬಾಣದ ಗುರುತಿಟ್ಟು ಕೈಹಿಡಿದು ನಡೆಸುವ ಆಟಗಳೂ ಈಗ ಹಲವಾಗಿವೆ. ಅವುಗಳಲ್ಲಿ ದಾರಿ ತಪ್ಪುವ ಕಷ್ಟವೂ ಇಲ್ಲ, ಕಂಡುಕೊಂಡ ಸಂತೋಷವೂ ಇಲ್ಲ. ಆಟ ಎಂಥದೆಂದು ತಿಳಿಯಬೇಕಾದರೆ, ಆಡಿ ಎದ್ದ ಮಗುವಿಗೆ ಒಂದು ಹಾಳೆಯನ್ನು ಕೊಟ್ಟು, ನಡೆದ ದಾರಿಯನ್ನು ಬರೆಯೆಂದರೆ ಸಾಕು.

ಸುತ್ತುದಾರಿಯನ್ನು ತಾವೇ ರಚಿಸಬಯಸುವ ವಿದ್ಯಾರ್ಥಿಗಳಿಗೆ ಚೌಕುಳಿ ಹಾಳೆಯೊಂದು, ಸೀಸದಕಡ್ಡಿಯೊಂದು ಇದ್ದರಾಯಿತು. ಮೊದಲು ಬಾಗಿಲಿನಿಂದ ಗುರಿಯವರೆಗೆ ನಿಜವಾದ ದಾರಿಯನ್ನು ಎಳೆದು, ಅನಂತರ ಮೋಸದ ಕವಲುಗಳನ್ನು ಅದಕ್ಕೆ ಜೋಡಿಸಬೇಕು. ಕವಲು ತೀರ ಗಿಡ್ಡವಾದರೆ ಆಟಗಾರನು ಒಡನೆಯೇ ಎಚ್ಚರಗೊಳ್ಳುತ್ತಾನೆ. ಆದುದರಿಂದ ಒಂದೆರಡಾದರೂ ಉದ್ದವಾಗಿ, ಗುರಿಯ ಸಮೀಪಕ್ಕೇ ಹೋಗಿ ಮುಚ್ಚಿಕೊಳ್ಳಬೇಕು. ಬಲಗೈಯನ್ನು ಗೋಡೆಯಿಂದ ತೆಗೆಯದೆ ನಡೆದರೆ ಹೊರಬಾಗಿಲು ದೊರೆಯುವುದೆಂಬ ಹಳೆಯ ಉಪಾಯವೊಂದುಂಟು. ಗೋಡೆಗಳೆಲ್ಲ ಹೊರಗೋಡೆಗೆ ಕೂಡಿಕೊಂಡಿರುವ ಕಡೆ ಅದು ತಪ್ಪದೆ ಫಲಿಸುತ್ತದೆ. ಗುರಿಯನ್ನು ಸುತ್ತುವರಿದ ಗೋಡೆಯು ಹೊರಗೋಡೆಗೆ ಎಲ್ಲಿಯೂ ತಾಗದೆ ದ್ವೀಪದಂತೆ ನಿಂತಿದ್ದರೆ, ಹೊರಬಾಗಿಲಿನಿಂದ ಗೋಡೆಯನ್ನು ಮುಟ್ಟಿ ಹೊರಟವನು ಸುತ್ತಿ ಸುತ್ತಿ ಹೊರಟ ಬಾಗಿಲಿಗೇ ಬಂದು ನಿಲ್ಲುತ್ತಾನೆ.