ಶಸ್ತ್ರಾಸ್ತ್ರ ಪರವಾನಗಿ: ಬಂದೂಕು, ರೈಫಲ್, ಪಿಸ್ತೂಲು

ಮೂಲ ಅಂಶಗಳು
- ಶಸ್ತ್ರಾಸ್ತ್ರ ಕಾಯ್ದೆ: 1959, ಜಾರಿ: 1962 ಅಕ್ಟೋಬರ್ 1.
- ಈಗಿನ ನಿಯಮಗಳು: 2016 (ಹಿಂದಿನವು 1962).
- ವಿಷಯ: ಕೇಂದ್ರ ಪಟ್ಟಿ, ನಮೂದು 5.
- ಕಲಂ 3: ಪರವಾನಗಿ ಕಡ್ಡಾಯ.
- ಕಲಂ 9: ಕನಿಷ್ಠ ವಯಸ್ಸು ಸಾಮಾನ್ಯವಾಗಿ 21.
- ತುಮಕೂರು ಜಿಲ್ಲೆಯಲ್ಲಿ (ಮರಳೂರು, ಗುಬ್ಬಿ, ಕುಣಿಗಲ್ ಸೇರಿ) ಅರ್ಜಿ ಜಿಲ್ಲಾ ದಂಡಾಧಿಕಾರಿಗೆ. ಪೊಲೀಸ್ ವರದಿ ಅಗತ್ಯ.

ವ್ಯತ್ಯಾಸ (ಕಲಂ 13)
1. ನುಣುಪು ನಳಿಗೆಯ ಬಂದೂಕು (ಉದಾ: 12 ಬೋರ್): ನಳಿಗೆ ಕನಿಷ್ಠ 20 ಇಂಚು, ಉದ್ದೇಶ ರಕ್ಷಣೆ ಅಥವಾ ಕ್ರೀಡೆ.
2. ಬಾಯಿಯಿಂದ ಮದ್ದು ತುಂಬುವ ಕೋವಿ: ಬೆಳೆ ರಕ್ಷಣೆಗೆ.
3. ರೈಫಲ್, ಪಿಸ್ತೂಲು, ರಿವಾಲ್ವರ್: ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು.
4. ನಿಷೇಧಿತ ಶಸ್ತ್ರ (ಕಲಂ 7): ಕೇಂದ್ರ ಸರ್ಕಾರದ ವಿಶೇಷ ಅನುಮತಿ.

2019ರ ತಿದ್ದುಪಡಿ
- ಗರಿಷ್ಠ ಶಸ್ತ್ರ: 3ರಿಂದ 2ಕ್ಕೆ ಇಳಿಕೆ.
- ಅವಧಿ: 3ರಿಂದ 5 ವರ್ಷಕ್ಕೆ ಏರಿಕೆ.

ಕೊಡಗಿನ ವಿನಾಯಿತಿ
- ಆಧಾರ: ಕಲಂ 41.
- ಯಾರಿಗೆ: ಕೊಡವ ಜನಾಂಗದವರು, ಜಮ್ಮಾ ಭೂ ಹಿಡುವಳಿದಾರರು.
- 2019ರ ಅಧಿಸೂಚನೆ: 2029ರವರೆಗೆ ವಿಸ್ತರಣೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.
- ಕೋವಿ ಪೂಜೆಯ ಹಬ್ಬ: ಕೈಲ್‌ಪೊದ್.

ಗೊಂದಲ ಬೇಡ
- ಉದ್ದ ಬಂದೂಕಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದರೆ ರೈಫಲ್. ಇಲ್ಲದಿದ್ದರೆ ನುಣುಪು ನಳಿಗೆ.
- ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು: 20 ಬೋರ್‌ಗಿಂತ 12 ಬೋರ್ ಅಗಲ.
- ಕಲಂ 17 ಅಮಾನತು, ರದ್ದು. ಕಲಂ 18 ಮೇಲ್ಮನವಿ.
- ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಅನುಮತಿಯಲ್ಲ. ಹೊಲಕ್ಕೆ ಕಾಡುಹಂದಿ ನುಗ್ಗಿದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಅನ್ವಯಿಸುತ್ತದೆ. ಇದನ್ನು ಪರೀಕ್ಷೆಯ ಅಭ್ಯರ್ಥಿಗಳಷ್ಟೇ ಅಲ್ಲ, ರೈತರೂ ತಪ್ಪದೆ ತಿಳಿದಿರಬೇಕು.